ನೀಲಿ ಬಣ್ಣದಡಿಯ ಅರ್ತ್

"ಸತ್ತ ಬ್ಯಾಟರಿ ಮಾರಿದ ಕಳ್ಳ" ಎಂದು ಜನ ತುಂಬಿದ ಕಾಫಿ ಅಂಗಡಿಯಲ್ಲಿ ನೊಮಿಕೋಸ್ ಅಂದದ್ದು ಆರ್ಗಿರಿಸನ ಗಂಟಲಲ್ಲಿ ಇವತ್ತಿಗೂ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ. ಅಮೊರ್ಗೋಸ್ ದ್ವೀಪದಲ್ಲಿ ಇಪ್ಪತ್ತೆಂಟು ವರ್ಷ ಗಾಡಿಗಳ ವೈರಿಂಗ್ ನೋಡಿದವನಿಗೆ ಆಡುವ ಮಾತೇ ಅದು?

ಆದರೂ ಅದೇ ನೊಮಿಕೋಸ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದ ದಿನ ಹೋಗಲೇಬೇಕಾಯಿತು. ಅವನ ಹೆಂಡತಿ ಮರುಲಿಯಾಗೆ ಹೆರಿಗೆ ನೋವು, ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ. ಪಕ್ಕದ ನಕ್ಸೋಸ್ ದ್ವೀಪದ ಆಸ್ಪತ್ರೆಗೆ ಹೋಗುವ ಹಡಗು ಬಿಡಲು ಮುಕ್ಕಾಲು ಗಂಟೆಯಿದೆ, ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಊರಿನ ಉಳಿದ ಗಾಡಿಗಳೆಲ್ಲ ಆಗಲೇ ಬಂದರಿಗೆ ಇಳಿದಿದ್ದವು. ಸಿಟ್ಟಿನಲ್ಲಿ ಹೊರಟ ಆರ್ಗಿರಿಸ್ ಕಟ್ಟಿದ ಕಡೆ ಕರೆಂಟು ದಾಟಿಸುವ ದಪ್ಪ ತಂತಿ, ಜಂಪರ್ ಕೇಬಲ್, ತರುವುದನ್ನೇ ಮರೆತ.

"ಕೀ ತಿರುಗಿಸೋ," ಎಂದ ಬಾನೆಟ್ ಎತ್ತಿ.

ಟಕ್ ಎಂದು ಸುಮ್ಮನಾಯಿತು. ದೀಪ ಮಾತ್ರ ಝಗಝಗ.

"ನೋಡಿದ್ಯಾ? ನಿನ್ನ ಬ್ಯಾಟರಿ..."

"ಬಾಯಿ ಮುಚ್ಚು! ಬ್ಯಾಟರಿ ಸತ್ತಿದ್ರೆ ಈ ದೀಪ ನಿಮ್ಮಪ್ಪ ಬಂದು ಹಚ್ಚಿದ್ನಾ?"

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಒತ್ತಿದ. "ಮತ್ತೆ ತಿರುಗಿಸು." ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು ಹತ್ತು ವೋಲ್ಟಿಗೆ ಹಾರಿತು. ಕರೆಂಟು ಮರಳುವ ದಾರಿ ಎಲ್ಲೋ ಕಟ್ಟಿದೆ. ಇಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ತ್ ಪಟ್ಟಿಯನ್ನು ಬೆರಳಲ್ಲೇ ಹಿಡಿದುಕೊಂಡು ಹೋದ. ಬೋಲ್ಟಿನ ಸುತ್ತ ದಪ್ಪ ನೀಲಿ ಬಣ್ಣ. ಅಂಗಳದಾಚೆ ಮಗುಚಿ ಹಾಕಿದ ದೋಣಿಗೂ ಅದೇ ನೀಲಿ.

"ಯಾವ ಕತ್ತೆ ಬಳೀತು ಇದನ್ನ?"

"ನಾನೇ. ಉಪ್ಪುಗಾಳಿಗೆ ತುಕ್ಕು ಹಿಡೀತಿತ್ತು. ದೋಣೀದು ಉಳಿದಿತ್ತಲ್ಲ, ಪಟ್ಟಿ ಬಿಚ್ಚಿ ಅದರಡಿಗೂ ಎರಡು ಸಲ ಬಳಿದೆ."

"ದೋಣಿ ಹಾಗೆ ಇದಕ್ಕೂ ನೀರು ನುಗ್ಗುತ್ತೆ ಅಂದ್ಕೊಂಡ್ಯೇನೋ? ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು ಕಣೋ!"

ಬೋಲ್ಟು ಜಗ್ಗಲಿಲ್ಲ. ಸ್ಪ್ಯಾನರ್ ಜಾರಿ ಬೆರಳ ಗಿಣ್ಣಿನ ಚರ್ಮ ಕಿತ್ತುಬಂತು. ಕೆಳಗೆ ಕೊಲ್ಲಿಯಲ್ಲಿ ಹಡಗು ಕೂಗಿತು.

"ಆರ್ಗಿರಿಸಣ್ಣಾ," ಹಿಂದಿನ ಸೀಟಿನಿಂದ ಮರುಲಿಯಾ ನರಳಿದಳು, "ಜಗಳ ಆಮೇಲೆ ಆಡ್ಕೊಳ್ಳಿ. ನನ್ನ ಕೈಲಾಗ್ತಿಲ್ಲ."

ನೊಮಿಕೋಸ್ ಅವನ ತೋಳು ಹಿಡಿದ. "ಇದೊಂದು ಸಲ ಉಳಿಸು. ದೀಕ್ಷಾಸ್ನಾನಕ್ಕೆ ಮಗೂನ ನೀನೇ ಎತ್ಕೋ, ಅದರ ಧರ್ಮಪಿತ ನೀನೇ ಆಗು, ಹೆಸರೂ ನೀನೇ ಇಡು. ದೇವಮಾತೆ ಆಣೆ!"

"ಕೈ ಬಿಡು ಮೊದಲು!"

ಇಡೀ ಮೈಭಾರ ಹಾಕಿದಾಗ ಬೋಲ್ಟು ಕಿರ್ರೆಂದು ಸಡಿಲಿತು. ಚಾಕುವಿನಿಂದ ಬಣ್ಣ ಹೆರೆದ. ಬಿಳಿ ಲೋಹ ಹೊಳೆಯಿತು. ಪಟ್ಟಿ ಕೂರಿಸಿ ಬಿಗಿದ. ಕೀ ತಿರುಗಿಸಿದೊಡನೆ ಇಂಜಿನ್ ಗುಡುಗಿತು. ಗಾಡಿ ಧೂಳೆಬ್ಬಿಸಿಕೊಂಡು ಇಳಿದುಹೋಯಿತು.

ಹಡಗಿನ ಹಲಗೆ ಎತ್ತುವ ಮೊದಲೇ ತಲುಪಿದರಂತೆ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಉಳಿದರು.

ಮರುವರ್ಷ ಅಥೆನ್ಸಿನಲ್ಲಿ ಆ ಮಗುವನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡವನು ಯಾರೋ ಹಡಗಿನ ಸಾಹುಕಾರ. ಆರ್ಗಿರಿಸನಿಗೆ ಕರೆಯೂ ಬರಲಿಲ್ಲ. ಅಂಥದ್ದನ್ನು ಬಾಯಿಬಿಟ್ಟು ಕೇಳುವ ಪದ್ಧತಿ ಇಲ್ಲ, ಅವನು ಕೇಳಲಿಲ್ಲ. ನೊಮಿಕೋಸ್ ಆ ಆಣೆಯನ್ನು ನಡೆಸಿಕೊಡಲೂ ಇಲ್ಲ.