ಬಂಡೆ ಇಳಿಜಾರಿಗೆ ಹಾಕಿದ ನೀರು

1996ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಗೂಳೂರಿನ ನಮ್ಮ ಹೊಲಕ್ಕೆ ಆಳು ಬೇಕಿತ್ತು. ಆಮೇಲೆ ಉತ್ತಿದ್ದೇನೆ, ನರ್ಸರಿಯಲ್ಲಿ ಸಸಿ ಕಟ್ಟಿದ್ದೇನೆ, ತುಮಕೂರಿನಲ್ಲಿ ಲಾರಿಗೆ ಮೂಟೆ ಹೊತ್ತಿದ್ದೇನೆ. ಯಾವ ಕೆಲಸದಲ್ಲೂ ‘ನಾಗರಾಜು ಸರಿಯಾಗಿ ಮಾಡಲಿಲ್ಲ’ ಅನ್ನಿಸಿಕೊಂಡವನಲ್ಲ. 2019ರಲ್ಲಿ ಒಂದು ಸಂಶೋಧನಾ ತಂಡಕ್ಕೆ ಫೀಲ್ಡ್ ಅಸಿಸ್ಟೆಂಟ್ ಆಗಿ ಸೇರಿದೆ. ನನಗಿಂತ ಮುಂಚೆ ಡಿಗ್ರಿ ಓದಿದ ಇಬ್ಬರು ಬಿಸಿಲು ತಾಳಲಾರದೆ ಬಿಟ್ಟುಹೋಗಿದ್ದರು.

ವಾಹನಗಳ ಹೊಗೆಯಿಂದ, ಯೂರಿಯಾದಿಂದ, ಕೋಳಿಫಾರಂ ಗೊಬ್ಬರದಿಂದ ನೈಟ್ರೋಜನ್, ಅಂದರೆ ಸಾರಜನಕದ ಅಂಶ ಗಾಳಿಗೆ ಸೇರುತ್ತದೆ. ಅದು ಮಳೆಯಲ್ಲೂ ಧೂಳಿನಲ್ಲೂ ಮತ್ತೆ ನೆಲಕ್ಕೇ ಇಳಿಯುತ್ತದೆ. ರಾಗಿಗೆ, ತೆಂಗಿಗೆ ಅದು ಗೊಬ್ಬರ. ಬಡ ಮಣ್ಣಿನಲ್ಲೇ ಬದುಕಲು ಕಲಿತ ಕಾಡುಗಿಡಗಳಿಗೆ ಮಾತ್ರ ಅದೇ ಕುತ್ತು. ಹುಲ್ಲು ಸೊಕ್ಕಿ ಬೆಳೆದು ಅವನ್ನು ಮುಚ್ಚಿಹಾಕುತ್ತದೆ. ಇದನ್ನು ಅಳೆಯಲು ನಮಗೆ ಮೂರು ತಾಣಗಳಿದ್ದವು: ಕ್ಯಾತ್ಸಂದ್ರದ ಹೆದ್ದಾರಿ ಪಕ್ಕದ ಗುಡ್ಡ, ಗುಬ್ಬಿ ಕಡೆ ಕೋಳಿಫಾರಂಗಳ ಮಗ್ಗುಲಿನ ಬೀಳು, ಕುಣಿಗಲ್ ತಾಲ್ಲೂಕಿನಲ್ಲಿ ಅಮೃತೂರಿನಾಚೆಯ ಒಂದು ಬಂಡೆ ಇಳಿಜಾರು. ಮೂರನೆಯದರಲ್ಲಿ ಗಾಳಿ ಶುದ್ಧ. ಅದಕ್ಕೆ ಕಂಟ್ರೋಲ್ ಪ್ಲಾಟ್ ಅನ್ನುತ್ತಿದ್ದರು. ಉಳಿದೆರಡನ್ನು ಅದರ ಪಕ್ಕದಲ್ಲಿಟ್ಟೇ ನೋಡಬೇಕು. ಅದು ಕೆಟ್ಟರೆ ಉಳಿದೆರಡರ ಲೆಕ್ಕಕ್ಕೆ ಅರ್ಥವಿಲ್ಲ.

ಗಾಳಿಯನ್ನು ಹಿಡಿಯುವ ಸ್ಯಾಂಪ್ಲರ್ ಟ್ಯೂಬ್ ಬದಲಿಸುವುದು, ಒಂದು ಚದರ ಮೀಟರ್‌ನ ಚೌಕಟ್ಟು ಇಟ್ಟು ಒಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ಇಷ್ಟು ನನ್ನ ಕೆಲಸ. ಬೆಳಿಗ್ಗೆ ಬೈಕ್ ಹತ್ತಿದರೆ ಸಂಜೆಯವರೆಗೆ ಮಾತಿಲ್ಲ. ಮದುವೆಯಾಗಲಿಲ್ಲ, ಅವ್ವ ಹೋದ ಮೇಲೆ ಮನೆಯಲ್ಲೂ ಮಾತಿಲ್ಲ. ಎಣಿಸುವಾಗ ಜೋರಾಗಿ ಎಣಿಸುತ್ತಿದ್ದೆ, ಒಂದು ದನಿ ಕಿವಿಗೆ ಬೀಳಲಿ ಅಂತ.

ಇಳಿಜಾರಿನ ಕೆಳಗೆ ನರಸಿಂಹಯ್ಯ ಎಂಬ ಹಿರಿಯರ ತೆಂಗಿನ ತೋಟವಿತ್ತು. ನಾನು ಮಂಡಿಯೂರಿದ್ದು ಕಂಡರೆ ಅಲ್ಲಿಂದಲೇ ಕೂಗುತ್ತಿದ್ದರು.

“ಏನ್ಲಾ, ಇವತ್ತೆಷ್ಟು ಹುಟ್ಟವ್ವೆ, ಎಷ್ಟು ಸತ್ತವ್ವೆ?”

“ಅರವತ್ಮೂರು ಅವೆ ಕಣಣ್ಣ.”

“ನಮ್ಮೂರಲ್ಲಿ ಜನಗಣತಿಗೂ ಇಷ್ಟು ನಿಗಾ ಮಾಡಿಲ್ಲ ಬುಡು!”

ಆ ಅರವತ್ಮೂರು ಡ್ರಾಸೆರಾ ಗಿಡಗಳು. ನಾಲ್ಕಾಣೆಯಷ್ಟಗಲ, ಕೆಂಪು, ಎಲೆ ತುಂಬ ಇಬ್ಬನಿಯಂಥ ಅಂಟು ಹನಿ. ಮಣ್ಣಿನಲ್ಲಿ ಸಾರವಿಲ್ಲದ್ದಕ್ಕೆ ಸೊಳ್ಳೆ, ನುಸಿ ಹಿಡಿದು ತಿಂದು ಬದುಕುತ್ತವೆ. ಕೈಯಲ್ಲಿದ್ದುದರಲ್ಲೇ ಬಾಳುವ ಅವನ್ನು ಕಂಡರೆ ನನಗೆ ಒಂಥರಾ ನಂಟು.

2023ರಲ್ಲಿ ಮಳೆ ಬೇಗ ಕೈಕೊಟ್ಟಿತು. ಸೆಪ್ಟೆಂಬರ್‌ಗೇ ಬಂಡೆಯ ಒರತೆ ಬತ್ತಿ, ಡ್ರಾಸೆರಾ ಸುರುಟತೊಡಗಿತು. ಬಾಡುವ ಗಿಡದ ಮುಂದೆ ಸುಮ್ಮನೆ ಕೂತು ಎಣಿಸಿ ಎದ್ದುಬರುವುದು ಹೊಲ ಮಾಡಿದವನಿಗೆ ಆಗುವ ಕೆಲಸವಲ್ಲ. ನರಸಿಂಹಯ್ಯನವರ ಬೋರ್‌ವೆಲ್‌ನಿಂದ ಹತ್ತು ಲೀಟರ್ ಕ್ಯಾನ್ ತುಂಬಿ ತಂದು ಚೌಕಟ್ಟಿನೊಳಗೆ ಮೆಲ್ಲಗೆ ಚಿಮುಕಿಸಿದೆ. ಗಿಡ ತಲೆಯೆತ್ತಿತು. ಆಮೇಲೆ ವಾರಕ್ಕೆ ಎರಡು ಸಲ, ಕೆಲಸವಿಲ್ಲದ ದಿನವೂ, ನನ್ನ ಪೆಟ್ರೋಲ್ ಹಾಕಿಕೊಂಡು ಹೋದೆ. ಮುಟ್ಟಬೇಡಿ, ತುಳಿಯಬೇಡಿ ಅಂದಿದ್ದರು. ನೀರು ಹಾಕಬೇಡಿ ಅಂತ ಯಾರೂ ಹೇಳಿರಲಿಲ್ಲ. ಆದರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಅಲ್ಲಿಗೆ, ನನ್ನ ಮನಸ್ಸಿಗೆ ಗೊತ್ತಿತ್ತು ಅಂತಲೇ ಲೆಕ್ಕ.

ಅಕ್ಟೋಬರ್ ಕೊನೆಗೆ ಚೌಕಟ್ಟಿನೊಳಗೆ ಹುಲ್ಲು ಎದ್ದಿತು. ನವೆಂಬರ್‌ನಲ್ಲಿ ಹುಲ್ಲು ಬಿಡಿಸಿ ನೋಡಿದರೆ ಒಂಬತ್ತೇ ಡ್ರಾಸೆರಾ. ಒಂಬತ್ತು ಅಂತಲೇ ಬರೆದೆ.

ಡಿಸೆಂಬರ್‌ನಲ್ಲಿ ತಂಡದ ಮುಖ್ಯಸ್ಥೆ, ನಾವು ಮೇಡಂ ಅನ್ನುವವರು, ಇಳಿಜಾರಿಗೆ ಬಂದರು. ಮಣ್ಣಿನ ರಿಪೋರ್ಟ್ ಅವರ ಕೈಯಲ್ಲಿತ್ತು; ಅದರಲ್ಲಿ ನೈಟ್ರೇಟ್, ಅಂದರೆ ಮಣ್ಣಿಗಿಳಿದ ಸಾರಜನಕದ ಲೆಕ್ಕವಿತ್ತು.

“ನಾಗರಾಜು, ಟ್ಯೂಬಲ್ಲಿ ಗಾಳಿ ಕ್ಲೀನಾಗಿದೆ, ಮಣ್ಣಲ್ಲಿ ಮಾತ್ರ ನೈಟ್ರೇಟ್ ಜಾಸ್ತಿ. ಎಲ್ಲೋ ದೂರದ ಹೊಗೆ, ಗೊಬ್ಬರದ್ದು ಧೂಳಲ್ಲಿ ಇಲ್ಲೀತನಕ ಬಂದಿದೆ. ಮುಂದಿನ ತಿಂಗಳ ಮೀಟಿಂಗಲ್ಲಿ ಇದನ್ನೇ ಹೇಳ್ತೀನಿ.”

ಅವರ ಮುಖದಲ್ಲಿ ಹೊಸದೊಂದು ಸಿಕ್ಕಿದ ಕಳೆ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಸುಳ್ಳನ್ನು ನಿಜವೆಂದು ನಂಬಿ ಹತ್ತು ಜನರ ಮುಂದೆ ನಿಂತು ಹೇಳುತ್ತಿದ್ದರು, ಅಷ್ಟೆ.

“ನಾನ್ ನೀರು ಹಾಕ್ದೆ ಮೇಡಂ.”

“ಎಲ್ಲಿಗೆ?”

“ಇದಕ್ಕೇ. ಎರಡೂವರೆ ತಿಂಗಳು. ಕೆಳಗಿನ ಬೋರಿಂದ.”

ಅವರು ನೇರ ತೋಟಕ್ಕೆ ಇಳಿದರು. ಬೋರ್ ನೀರಿಗೆ ನೈಟ್ರೇಟ್ ಪರೀಕ್ಷೆಯ ಪಟ್ಟಿ ಅದ್ದಿದರು. ಒಂದು ನಿಮಿಷಕ್ಕೆ ಅದು ಗಾಢ ಗುಲಾಬಿಯಾಯಿತು. ವರ್ಷಗಟ್ಟಲೆ ತೋಟಕ್ಕೆ ಹಾಕಿದ ಗೊಬ್ಬರ ಇಂಗಿ ಅಂತರ್ಜಲ ಸೇರಿತ್ತು. ನಾನು ಕ್ಯಾನ್‌ಗಟ್ಟಲೆ ಹೊತ್ತು ತಂದು ಹುಯ್ದದ್ದು ಅದನ್ನೇ.

ನರಸಿಂಹಯ್ಯ ಪಟ್ಟಿ ನೋಡಿ ರೇಗಿದರು. “ನಮ್ ನೀರಿಗೇನಾಗೈತೆ ತಾಯಿ? ನಲವತ್ ವರ್ಷದಿಂದ ಇದ್ನೇ ಕುಡೀತಾ ಇದೀವಿ!”

“ಇನ್ಮೇಲೆ ಕುಡೀಬೇಡಿ ಯಜಮಾನ್ರೇ. ಮಕ್ಕಳಿಗಂತೂ ಕೊಡ್ಲೇಬೇಡಿ,” ಅಂದರು ಮೇಡಂ.

ಮತ್ತೆ ಇಳಿಜಾರು ಹತ್ತುವಾಗ ನನ್ನ ಕಡೆ ನೋಡದೆ ಹೇಳಿದರು: “ಹಾಕಿದ್ದಕ್ಕಲ್ಲ ಬೇಜಾರು. ಬರೀಲಿಲ್ವಲ್ಲ ನೀವು. ಬರೆದಿದ್ರೆ ಮೊದಲ ವಾರಾನೇ ನಿಲ್ಲಿಸ್ತಿದ್ದೆ.”

ಆ ಇಳಿಜಾರಿನ ನಾಲ್ಕು ವರ್ಷದ ಪುಟಗಳ ಕೊನೆಗೆ, ಇನ್ನು ಈ ತಾಣ ಲೆಕ್ಕಕ್ಕಿಲ್ಲ ಅಂತ, ಅವರೇ ಕೆಂಪು ಗೆರೆ ಎಳೆದರು. ಕೆಲಸದಿಂದ ತೆಗೆಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲೂ ಇಲ್ಲ. ಚೌಕಟ್ಟಿನ ಮೂಲೆಯ ನಾಲ್ಕು ಗೂಟ ನಾನೇ ಕಿತ್ತೆ. ವಾಪಸ್ ಬರುವ ದಾರಿಯಲ್ಲಿ ಕುಣಿಗಲ್‌ನಲ್ಲಿ ಕಾಫಿಗೆ ನಿಂತೆ. ಹೇಳಿಕೊಳ್ಳಲು ಫೋನ್ ತೆಗೆದೆ, ಯಾರಿಗೆ ಮಾಡಬೇಕೆಂದು ಹೊಳೆಯದೆ ಜೇಬಿಗೆ ಹಾಕಿಕೊಂಡೆ.

ಕೆಲಸ ನನಗೆ ಕಲಿಸಿದ್ದು ಇದು: ಕೆಲವನ್ನು ಉಳಿಸುವವನು ಅವುಗಳ ಪಕ್ಕ ಕೈಕಟ್ಟಿ ಕೂತಿರಬೇಕು; ಕೈ ತಡೆಯದೆ ಹೋದರೆ, ಮಾಡಿದ್ದನ್ನು ಅವತ್ತೇ ಬರೆದಿಡಬೇಕು. ಹೊಸ ಕಂಟ್ರೋಲ್ ಪ್ಲಾಟ್‌ಗಾಗಿ ಇನ್ನೂ ಹುಡುಕುತ್ತಿದ್ದೇವೆ. ಈಗ ನನ್ನ ಬಳಿ ಇರುವುದು ಒಂದು ಬೈಕು, ಹನ್ನೊಂದು ನೋಟ್‌ಬುಕ್ಕು, ಎರಡು ತಾಣ.