ನೀರಿಗಿಳಿದ ರಸ್ತೆ

ಕೊಡಿಗೇಹಳ್ಳಿಯಿಂದ ಒಬ್ಬಳೇ ಕಾರಿನಲ್ಲಿ ಹೊರಟಾಗ ಅಮ್ಮ, “ಹೈವೇ ಬಿಟ್ಟು ಎಲ್ಲೂ ತಿರುಗಬೇಡ ಕಣೇ,” ಎಂದಿದ್ದಳು. ಬೈಂದೂರು ದಾಟಿದ ಮೇಲೆ ನಾನು ತಿರುಗಿದೆ. ಸಮುದ್ರದಂಚಿನ ಕಪ್ಪು ಬಂಡೆಗಳ ಪಕ್ಕದಲ್ಲೇ ಸಾಗುವ ಹಳೆಯ ರಸ್ತೆ. ನಾನು ಹೋಗಬೇಕಿದ್ದ ಪುಟ್ಟ ಊರು ಇನ್ನೇನು ಬಂತು ಎಂದು ಫೋನಿನ ಮ್ಯಾಪ್ ಹೇಳುತ್ತಿತ್ತು. ಸಂಜೆ ಬಿಸಿಲಿನಲ್ಲಿ ಮುದುಕರೊಬ್ಬರು ನಡುರಸ್ತೆಗೆ ಬಂದು ಕೈ ಅಡ್ಡ ಹಿಡಿದರು.

“ನಿಲ್ಸಿ ಮಾರಾಯ್ರೆ, ಮುಂದೆ ರೋಡಿಲ್ಲ.”

“ಮ್ಯಾಪು ಸ್ಟ್ರೈಟ್ ಹೋಗಿ ಅಂತಿದೆಯಲ್ಲ ಅಂಕಲ್?”

ಇಳಿದು ನೋಡಿದೆ. ಸ್ವಲ್ಪ ಮುಂದೆ ಡಾಂಬರು ರಸ್ತೆ ಕುಸಿದು ಹಾಗೇ ಸಮುದ್ರಕ್ಕೆ ಇಳಿದಿತ್ತು. ತಿಳಿನೀರಿನ ಅಡಿಯಲ್ಲಿ ರಸ್ತೆ ನಡುವಿನ ಬಿಳಿ ಗೆರೆ ಇನ್ನೂ ಕಾಣುತ್ತಿತ್ತು.

“ಹೋದ ಮಳೆಗಾಲ ಕಡಲು ತಿಂದದ್ದು. ಆಚೆಯಿಂದ ಬೈಕಲ್ಲಿ ಬರ್ತಿದ್ದ ನನ್ನ ತಮ್ಮನಿಗೆ ಗೊತ್ತಾಗ್ಲಿಲ್ಲ. ಹೆಣವೂ ಸಿಗ್ಲಿಲ್ಲ.”

ಕೈಮುಗಿದು ಕಾರು ಹತ್ತಿದೆ. ಅವರು ಕಿಟಕಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದರು:

“ಸ್ವಲ್ಪ ಬದಿಗೆ ತಗೊಳ್ಳಿ. ಅವ ಮನೆಗೆ ಬರುವ ಹೊತ್ತಾಯ್ತು.”

ಸಮುದ್ರದ ಕಡೆ ನೋಡುವ ಧೈರ್ಯವಾಗಲಿಲ್ಲ. ಕಾರನ್ನು ರಸ್ತೆಯ ಬದಿಗೆ ತೆಗೆದು, ದಾರಿ ಬಿಟ್ಟು ನಿಂತೆ.