ಬೆವ್‌ಳ ಎಣಿಕೆಗೆ ನಕ್ಕವರು

ವೆಂಡೆಲ್ ಕೊಸ್ಕೆಲಾ ನಗು ಗೊತ್ತಿಲ್ಲದ ಮನುಷ್ಯನಾಗಿದ್ದ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಮಿಷಿಗನ್ನಿನಲ್ಲಿ, ಸುಪೀರಿಯರ್ ಸರೋವರದ ದಂಡೆಯ ಆ ಹಳೇ ತಾಮ್ರದ ಗಣಿ ಊರಿನಲ್ಲಿ ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ ಅವನು, ತಿಂಗಳಿಗೊಂದು ಶನಿವಾರ ನೀಲಿ ಸಮವಸ್ತ್ರ ತೊಟ್ಟು, ಎದೆಗೆ ತಗಡಿನ ನಕ್ಷತ್ರ ಚುಚ್ಚಿಕೊಂಡು ಫಿನ್ನಿಷ್ ಸಂಘದ ಹಾಲಿಗೆ ನಡೆದು ಹೋಗುತ್ತಿದ್ದ. ದಾರಿಯಲ್ಲಿ ಸಿಕ್ಕವರು ಬಿಡುತ್ತಿದ್ದರೇ?

"ಏನ್ ಕ್ಯಾಪ್ಟನ್, ಚಂದ್ರನ ಮೇಲೂ ಹಿಮ ತಳ್ಳೋಕೆ ಕರೆದ್ರಾ?"

"ಕರೆದಿದಾರೆ. ನಿನ್ನನ್ನ ಅಲ್ಲೇ ಬಿಟ್ಟು ಬಾ ಅಂದಿದಾರೆ," ಎನ್ನುತ್ತಿದ್ದ.

ಅವನೂ ಗಾರ್ಡಿ ಮಾಕಿಯೂ ಅಕ್ಕಪಕ್ಕದ ಮನೆಯ ಹುಡುಗರು. ವೆಂಡೆಲ್‌ನ ಮನೆಯಲ್ಲಿ ಟಿವಿ ಇರಲಿಲ್ಲ. ಗಾರ್ಡಿಯ ಮನೆಯ ನೆಲದ ಮೇಲೆ ಹೊಟ್ಟೆಯಡಿ ಮಲಗಿ ಇಬ್ಬರೂ 'ಧೂಮಕೇತು ಪಡೆ' ಎಂಬ ಬಾಹ್ಯಾಕಾಶದ ಧಾರಾವಾಹಿ ನೋಡಿದರು. ಎರಡು ಚಳಿಗಾಲ ಬಂದು ಅದು ನಿಂತುಹೋಯಿತು. ದೇಶವೇ ಮರೆಯಿತು, ಇವರಿಬ್ಬರು ಮರೆಯಲಿಲ್ಲ. ದೊಡ್ಡವರಾದ ಮೇಲೆ ಅದೇ ಹೆಸರಿನ ಸಂಘ ಕಟ್ಟಿದರು, ವೆಂಡೆಲ್ ಅದರ ಕ್ಯಾಪ್ಟನ್. ಸಮವಸ್ತ್ರ ಹೊಲಿಯಲು ಬಂದ ಬೆವ್, ಹಳೇ ಹಾಸಿಗೆ ಬಟ್ಟೆಗೆ ಬಣ್ಣ ಅದ್ದಿ ಹದಿನೈದು ಜನಕ್ಕೂ ಅಂಗಿ ಹೊಲಿದಳು, ಕ್ಯಾಪ್ಟನ್‌ನ ಅಳತೆ ತೆಗೆಯುತ್ತ ತೆಗೆಯುತ್ತ ಅವನನ್ನೇ ಮದುವೆಯಾದಳು.

ಸಂಘದಲ್ಲಿ ಒಂದು ಪದ್ಧತಿ ಇತ್ತು. ಸದಸ್ಯರು ಯಾರಾದರೂ ತೀರಿಕೊಂಡರೆ ಉಳಿದವರು ಸಮವಸ್ತ್ರ ತೊಟ್ಟು ಗುಂಡಿಯ ಸುತ್ತ ನಿಂತು, ಬಲಗೈಯನ್ನು ಎಡ ಹೆಗಲಿಗಿಟ್ಟು, ಹತ್ತರಿಂದ ಕೆಳಕ್ಕೆ ಎಣಿಸುತ್ತಿದ್ದರು. ಧಾರಾವಾಹಿಯಲ್ಲಿ ನೌಕೆ ಹೊರಡುವಾಗ ಎಣಿಸಿದಂತೆ. ಕೊನೆಯ 'ಒಂದು' ಮಾತ್ರ ಸತ್ತವರಿಗೆ ಅತಿ ಹತ್ತಿರದವರೇ ಹೇಳಬೇಕು. ಅದಾದ ಮೇಲೆಯೇ ಕೈ ಇಳಿಸುವುದು.

ಬೆವ್ ಜನವರಿಯಲ್ಲಿ ಹೋದಳು. ಆ ಸೀಮೆಯಲ್ಲಿ ಆಗ ನೆಲ ಕಲ್ಲಿನಂತಾಗಿರುತ್ತದೆ, ಹೂಳುವುದು ಮೇ ತಿಂಗಳಿಗೇ. ಕ್ಯಾಲಿಫೋರ್ನಿಯಾ ಸೇರಿ ಟಿವಿಗೆ ಬರೆಯುತ್ತಿದ್ದ ಗಾರ್ಡಿ ವಿಮಾನ ಹತ್ತಿ ಬಂದ. ಎಣಿಕೆ ಎರಡಕ್ಕೆ ಬಂತು. ವೆಂಡೆಲ್‌ನ ಬಾಯಿ ಕಟ್ಟಿತು. 'ಒಂದು' ಎಂದರೆ ಅವಳು ಹೊರಟೇಬಿಡುತ್ತಾಳೆ, ಹೇಗೆ ಹೇಳುವುದು? ಎಲ್ಲರೂ ಕೆಸರಿನಲ್ಲಿ, ಹೆಗಲ ಮೇಲಿನ ಕೈ ತೆಗೆಯದೆ ನಿಂತರು. ತೋಳು ನಡುಗಿದರೂ ತೆಗೆಯಲಿಲ್ಲ. ಕೊನೆಗೆ ಗಾರ್ಡಿ ಪಕ್ಕಕ್ಕೆ ಬಂದು ಕಿವಿಗೆ ಬಾಯಿಟ್ಟು, "ನೀನ್ ಹೇಳ್ಬೇಡ ಕಣೋ. ನಾನಿದೀನಿ," ಎಂದು ತಾನೇ ಹೇಳಿದ: "ಒಂದು."

ಅಂಥ ಗೆಳೆಯ. ಹಾಗಾಗಿ ಎರಡು ವರ್ಷದ ಮೇಲೆ ಅವನು ಫೋನ್ ಮಾಡಿ, "ನಮ್ಮ ಪಡೆ ಮೇಲೆ ತಮಾಷೆ ಸಿನಿಮಾ ಬರ್ದಿದೀನಿ ಮಾರಾಯ. ನಮ್ಮೋರೇ ಬಿದ್ದು ಬಿದ್ದು ನಗ್ಬೇಕು, ಹಾಗಿದೆ," ಎಂದಾಗ ವೆಂಡೆಲ್ ಕಥೆ ಏನೆಂದು ಕೂಡ ಕೇಳಲಿಲ್ಲ. ನವೆಂಬರಿನಲ್ಲಿ 'ಧೂಮಕೇತು ಪಡೆಯ ಪಡಪೋಶಿಗಳು' ಊರಿನ ಚಿತ್ರಮಂದಿರಕ್ಕೆ ಬಂದಾಗ ಇಡೀ ಸಂಘಕ್ಕೆ ಸಮವಸ್ತ್ರ ತೊಡಿಸಿ, ಮೊದಲ ಸಾಲಿನಲ್ಲಿ ಕೂರಿಸಿದ. ಒಂದು ಪಕ್ಕಕ್ಕೆ ಮಗಳು ಹೈಡಿ. ಗಾರ್ಡಿ ಹಿಂದಿನ ಸಾಲಿನಲ್ಲಿ.

ಮೊದಲ ಅರ್ಧದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ವೆಂಡೆಲ್. ರಟ್ಟಿನ ನೌಕೆ, ಬಗ್ಗಿದರೆ ಹರಿಯುವ ಪ್ಯಾಂಟು, ಭೂಮಿ ಗೆಲ್ಲಲು ಬಂದು ಮಿಷಿಗನ್ನಿನ ಚಳಿಗೆ ಹೆದರಿ ಕಂಬಳಿ ಬೇಡುವ ಅನ್ಯಗ್ರಹದವರು. ಆಮೇಲೆ ಪರದೆಯ ಮೇಲೆ ಸ್ಮಶಾನ ಬಂತು. ಕ್ಯಾಪ್ಟನ್ನನ ಹೆಂಡತಿಯ ಪೆಟ್ಟಿಗೆ ಬಂತು. ಎಣಿಕೆ ಎರಡಕ್ಕೆ ನಿಂತಿತು. ಗುಂಡಿ ತೋಡುವವನು ಗಡಿಯಾರ ನೋಡಿಕೊಂಡ, ಒಬ್ಬ ಸೀನಿದ, ಕಡಲಹಕ್ಕಿಯೊಂದು ಬಂದು ಕ್ಯಾಪ್ಟನ್ನನ ತಲೆಯ ಮೇಲೆ ಕೂತಿತು. ಅವನು ಅಲುಗಲಿಲ್ಲ. 'ಒಂದು' ಬರಬೇಕಾದಲ್ಲಿ ಹಕ್ಕಿ ಕೂಗಿತು. ಚಿತ್ರಮಂದಿರ ಹಾರಿಹೋಗುವಂತೆ ಜನ ನಕ್ಕರು. ಹಿಂದಿನ ತಮಾಷೆಗೆ ತೆರೆದಿದ್ದ ವೆಂಡೆಲ್‌ನ ಬಾಯಿ ತೆರೆದೇ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಪರದೆಯ ಕ್ಯಾಪ್ಟನ್ ಮನೆಗೆ ಹೋಗಿ ಒಂದು ವಾರ ಸಮವಸ್ತ್ರ ಬಿಚ್ಚಲಿಲ್ಲ. ಅದರಲ್ಲೇ ಮಲಗಿದ, ಅದರಲ್ಲೇ ಉಂಡ, ಅದರಲ್ಲೇ ಸೌನಾದ ಬಿಸಿ ಹಬೆಯಲ್ಲಿ ಕೂತ. ಮತ್ತೆ ನಗು.

ವೆಂಡೆಲ್ ನಿಜಕ್ಕೂ ಹಾಗೇ ಒಂದು ವಾರ ಕಳೆದಿದ್ದ, ಆದರೆ ಇದನ್ನು ಗಾರ್ಡಿ ಕಂಡಿರಲಿಲ್ಲ. ಹೂಳಿದ ದಿನ ಸಂಜೆಯೇ ಅವನು ವಿಮಾನ ಹತ್ತಿದ್ದ. ಆ ವಾರ ಮನೆಯಲ್ಲಿದ್ದವಳು ಒಬ್ಬಳೇ. ಕೊನೆಗೆ ಮಗುವಿಗೆ ಬಿಚ್ಚಿದಂತೆ ವೆಂಡೆಲ್‌ನ ಅಂಗಿಯ ಗುಂಡಿ ಬಿಚ್ಚಿ, ಒಗೆದು ಹಾಕಿದವಳು. ವೆಂಡೆಲ್ ಪಕ್ಕಕ್ಕೆ ತಿರುಗಿದ. ಹೈಡಿ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು.

ಹೊರಗೆ ಪಾಪ್‌ಕಾರ್ನ್ ಮಾರುವಲ್ಲಿ ಆಗಲೇ ಜಗಳ ಹತ್ತಿಕೊಂಡಿತ್ತು. ಮರ ಕಡಿಯುವ ರೂಡಿ ಎದೆಯ ನಕ್ಷತ್ರ ಕಿತ್ತು ನೆಲಕ್ಕೆ ಬಡಿದಿದ್ದ.

"ಇದು ಸಿನಿಮಾನಾ? ನಮ್ಮ ಮುಖಕ್ಕೇ ಉಗಿದಿದಾನೆ ನನ್ಮಗ!"

"ಏ ಸುಮ್ನಿರೋ," ಎಂದಳು ಸಂಘದ ಹಿರಿಯಳಾದ ಇರ್ಮಾ. ನಕ್ಕೂ ನಕ್ಕೂ ಅವಳ ಕನ್ನಡಕ ಮಂಜಾಗಿತ್ತು. "ನಿನ್ ಪ್ಯಾಂಟ್ ಹರಿದಿದ್ದು ಊರೆಲ್ಲ ನೋಡಿತ್ತು. ಈಗ ದೇಶ ನೋಡತ್ತೆ, ಅಷ್ಟೇ."

"ಪ್ಯಾಂಟ್ ಸಾಯ್ಲಿ. ಹೆಣದ ಮುಂದೆ ನಗೋದಾ ಇರ್ಮಾ?"

"ನನ್ನ ಹೆಣದ ಮುಂದೆ ನಗ್ರಪ್ಪ, ಅಪ್ಪಣೆ ಕೊಟ್ಟಿದೀನಿ. ಅಳೋಕಂತೂ ಯಾರೂ ಇಲ್ಲ. ನಂಗೆ ಚೆನ್ನಾಗಿತ್ತು, ಚೆನ್ನಾಗಿತ್ತು ಅಂತೀನಿ. ಕ್ಯಾಪ್ಟನ್ ಎದುರಿಗೂ ಅಂತೀನಿ."

ಅರ್ಧ ಜನ ಅವಳ ಕಡೆ, ಅರ್ಧ ಜನ ರೂಡಿಯ ಕಡೆ. ಆ ಗದ್ದಲ ಸೀಳಿಕೊಂಡು ಗಾರ್ಡಿ ಬಂದ. "ಕ್ಯಾಪ್ಟನ್! ಹ್ಯಾಗಿತ್ತೋ?"

ವೆಂಡೆಲ್ ದನಿ ಏರಿಸಲಿಲ್ಲ. "ಅವತ್ತು ನನ್ನ ಕಿವೀಲಿ ಹೇಳಿದ್ಯಲ್ಲ, ಆಗ ನಿಂಗೆ ನಗು ಬಂದಿತ್ತಾ?"

"ದೇವರಾಣೆ ಇಲ್ಲ ಕಣೋ. ವಿಮಾನದಲ್ಲಿ ಅಳ್ತಾ ಕೂತಿದ್ದೆ, ಇದ್ದಕ್ಕಿದ್ದ ಹಾಗೆ ನಗು ಬಂತು. ಎರಡೂ ಒಟ್ಟಿಗೇ. ಅದನ್ನೇ ಬರೆದೆ."

"ಸರಿ. ಗೆಳೆಯ ಬಂದು 'ಒಂದು' ಅನ್ನೋದು ಎಲ್ಲಿ? ಅಲ್ಲಿ ಹಕ್ಕಿ ಕೂಗ್ತು."

ಗಾರ್ಡಿ ಗಡ್ಡ ಕೆರೆದುಕೊಂಡ. "ಬರೆದಿದ್ದೆ. ಅಲ್ಲಿಗೆ ಬಂದ್ರೆ ಜನ ನಗೋದು ನಿಲ್ಸ್ತಾರೆ ಅಂದ್ರು ಸಿನಿಮಾದೋರು. ನಾನೇ ತೆಗೆದೆ."

"ಅಂದ್ರೆ ನಿನ್ನನ್ನ ನೀನು ಹೊರಗೆ ತೊಗೊಂಡೆ. ನನ್ನನ್ನ ಅಲ್ಲೇ ನಿಲ್ಸಿ ಬಂದೆ."

ಯಾರೋ ಹುಡುಗಿಯರು ಜತೆಗೆ ಫೋಟೋ ಬೇಕೆಂದು ಗಾರ್ಡಿಯ ತೋಳು ಹಿಡಿದರು. ವೆಂಡೆಲ್ ಹೊರಗೆ ನಡೆದ.

ಕಾರಿನ ಬಳಿ ಹೈಡಿ ಕಾಯುತ್ತಿದ್ದಳು. "ಅಪ್ಪಾ, ಬೈದುಬಿಡು. ಹೀಗೆ ನೋಡ್ಬೇಡ."

"ಆ ವಾರದ್ದು, ಸಿನಿಮಾಕ್ಕೆ ಅಂತ ಗೊತ್ತಿದ್ದೇ ಹೇಳಿದ್ಯಾ?"

"ಗಾರ್ಡಿ ಮಾಮ ಫೋನಲ್ಲಿ ಓದಿ ಹೇಳಿದ್ರು. ಅಮ್ಮ ಹೋದ್ಮೇಲೆ ಅವತ್ತೇ ನಾನು ಮೊದಲ್ನೇ ಸಲ ನಕ್ಕಿದ್ದು. ನಗ್ತಾ ನಗ್ತಾ ಬಾಯಿಗೆ ಬಂತು, ನೀನು ಒಂದು ವಾರ ಬಟ್ಟೆ ಬಿಚ್ಚಲಿಲ್ಲ ಅಂತ." ಕಾರಿನ ಬಾಗಿಲು ತೆರೆದು ಮತ್ತೆ ಮುಚ್ಚಿದಳು. "ಗೊತ್ತಿತ್ತು ಅಪ್ಪ. ಸಿನಿಮಾಕ್ಕೆ ಅಂತ ಗೊತ್ತಿತ್ತು."

"ನನ್ನನ್ನೊಂದು ಮಾತು ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಊರು ಆ ವಾರವೆಲ್ಲ ಇದನ್ನೇ ಜಗಿಯಿತು. ಬೇಕರಿಯಲ್ಲಿ ಒಬ್ಬರು ಪ್ರೀತಿಯಿಂದ ತೆಗೆದ ಸಿನಿಮಾ ಎಂದರೆ, ಪಕ್ಕದ ಮೇಜಿನವರು ಕಾಫಿ ಬಿಟ್ಟು ಎದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರು ಅಕ್ಕತಂಗಿಯರು ಒಬ್ಬರಿಗೊಬ್ಬರು ಮಾತು ಬಿಟ್ಟರು. ವೆಂಡೆಲ್‌ನನ್ನು ಕೇಳಿದವರಿಗೆ, "ನಂಗೆ ಸಿನಿಮಾ ಗೊತ್ತಾಗಲ್ಲ," ಎಂಬ ಒಂದೇ ಉತ್ತರ.

ಆಮೇಲೆ ದೊಡ್ಡ ಹಿಮ ಬಿತ್ತು. ಲಾರಿಯ ಅಲಗು ರಸ್ತೆಯ ಹಿಮವನ್ನು ಬದಿಗೆ ತಳ್ಳಿದಂತೆಲ್ಲ ಪ್ರತಿ ಮನೆಯ ದಾರಿಯ ಬಾಯಿಗೆ ಮೊಣಕಾಲೆತ್ತರದ ಒಡ್ಡು ಬೀಳುತ್ತದೆ. ತುಸು ಹೊತ್ತು ಬಿಟ್ಟರೆ ಅದು ಗಾರೆಯಂತೆ ಗಟ್ಟಿ. ಊರೆಲ್ಲ ಚಾಲಕನಿಗೆ ಶಾಪ ಹಾಕುವುದು ಅದಕ್ಕೇ. ಆದರೆ ತಮ್ಮವರ ಮನೆ ಬಂದಾಗ ಅಲಗು ಎತ್ತಿ ದಾಟುವುದು ಚಾಲಕರ ಗುಟ್ಟಿನ ವಾಡಿಕೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಬೆಳಕು ಹರಿದ ಮೇಲೆ ವೆಂಡೆಲ್ ಗುಡ್ಡದ ಬೀದಿಗೆ ತಿರುಗಿದ. ಇರ್ಮಾಳ ಮನೆ ಬಂತು, ಅಲಗು ಎತ್ತಿದ. ಕಿಟಕಿಯಿಂದ ಮುದುಕಿ ಕೈ ಬೀಸಿದಳು, ಇವನೂ ಬೀಸಿದ.

ನಾಲ್ಕು ಮನೆ ದಾಟಿದರೆ ಹೈಡಿಯದು. ಕೆಲಸಕ್ಕೆ ಹೊರಟವಳು ಕಾರಿನ ಗಾಜು ಕೆರೆಯುತ್ತಿದ್ದಳು. ಲಾರಿ ಕಂಡು ಕೆರೆಯುವುದನ್ನು ನಿಲ್ಲಿಸಿದಳು. ವೆಂಡೆಲ್‌ನ ಕೈ ಅಲಗು ಎತ್ತುವ ಹಿಡಿಕೆಯ ಮೇಲೇ ಇತ್ತು. ಅವನು ಎತ್ತಲಿಲ್ಲ. ಹಿಮ ಮುದ್ದೆಮುದ್ದೆಯಾಗಿ ಅವಳ ದಾರಿಯ ಬಾಯಿಗೆ ಉರುಳಿ ಬಿತ್ತು, ಊರಿನ ಬೇರೆ ಯಾರದೋ ಮನೆಗೆ ಬಿದ್ದಂತೆಯೇ. ಅವಳು ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಒಡ್ಡಿನ ಕಡೆಗೆ ಬಂದಳು. ಅವನು ಗೇರು ಬದಲಿಸಿ ಏರು ಹತ್ತಿಸಿದ.